ಗ್ರಾಮದ ಭೂಬಳಕೆ ಯೋಜನೆಗೆ ಡಿಜಿಟಲ್ ನಕ್ಷೆ: ಸದಸ್ಯರ ಅಧ್ಯಯನಕ್ಕಾಗಿ ಒಂದು ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯತ್ ಸಭೆಯ ಮುಂದೆ ಬರುವ ವಿಷಯಗಳಲ್ಲಿ ಹೆಚ್ಚಿನವು ಭೂಮಿಗೆ ಸಂಬಂಧಿಸಿದವು. ಮನೆ ಕಟ್ಟಲು ಪರವಾನಿಗೆ, ಹೊಸ ರಸ್ತೆ, ಮೋರಿ, ಕೊಳವೆ ಬಾವಿ, ಘನತ್ಯಾಜ್ಯ ಘಟಕಕ್ಕೆ ಜಾಗ, ಸ್ಮಶಾನ, ಆಟದ ಮೈದಾನ ಇವೆಲ್ಲವೂ ನೆಲದ ಒಂದು ತುಂಡಿನ ಬಳಕೆಯನ್ನು ಬದಲಿಸುವ ತೀರ್ಮಾನಗಳೇ ಆಗಿವೆ. ಸಭೆಯ ಮೇಜಿನ ಮೇಲೆ ಇರುವ ಕಡತವು ಆ ತುಂಡಿನ ಸರ್ವೆ ನಂಬರ್, ವಿಸ್ತೀರ್ಣ ಮತ್ತು ಚಕ್ಕುಬಂದಿಯನ್ನು ತಿಳಿಸುತ್ತದೆ. ಆ ಜಾಗಕ್ಕೆ ಮಳೆಯ ನೀರು ಎಲ್ಲಿಂದ ಬರುತ್ತದೆ, ಅಲ್ಲಿಂದ ಯಾರ ಅಂಗಳಕ್ಕೆ ಹೋಗುತ್ತದೆ, ಅದರ ಮೇಲಿನ ಗುಡ್ಡ ಎಷ್ಟು ಕಡಿದಾಗಿದೆ ಎಂಬ ಸಂಗತಿಗಳು ಕಡತದಲ್ಲಿ ಇರುವುದಿಲ್ಲ. ಇವುಗಳನ್ನು ತೀರ್ಮಾನಕ್ಕೆ ಮೊದಲೇ ಕಂಡುಕೊಳ್ಳಲು ಡಿಜಿಟಲ್ ನಕ್ಷೆಯನ್ನು ಬಳಸುವ ಕ್ರಮವನ್ನು ವಿವರಿಸುವುದು ಈ ಪಾಠದ ಉದ್ದೇಶವಾಗಿದೆ.

1. ಮಂಗಳೂರಿನ ಅನುಭವ

ಮಂಗಳೂರು ನಗರವು ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ನಡುವೆ, ಮುರಕಲ್ಲಿನ ದಿಣ್ಣೆಗಳು ಮತ್ತು ಅವುಗಳ ನಡುವಿನ ತಗ್ಗುಗಳ ಮೇಲೆ ಬೆಳೆದಿದೆ. ನಗರದ ಸ್ಥಳನಾಮಗಳು ಇದನ್ನು ಇಂದಿಗೂ ಹೇಳುತ್ತವೆ. ಪದವಿನಂಗಡಿ ಎಂಬಲ್ಲಿ ಎತ್ತರದ ಸಮತಟ್ಟಾದ ಪದವು ಇದೆ. ಕೊಡಿಯಾಲಬೈಲು ಎಂಬ ಹೆಸರಿನಲ್ಲಿ ನೀರು ನಿಲ್ಲುವ ಗದ್ದೆಯ ಬೈಲು ಉಳಿದಿದೆ. ಗುಜ್ಜರಕೆರೆ, ಎಮ್ಮೆಕೆರೆ ಮುಂತಾದ ಹೆಸರುಗಳು ಕೆರೆಗಳ ನೆನಪನ್ನು ಇಟ್ಟುಕೊಂಡಿವೆ. ನಗರ ಬೆಳೆದಂತೆ ಬೈಲುಗಳು ಮಣ್ಣು ತುಂಬಿ ಎತ್ತರವಾದವು, ತೋಡುಗಳು ಕಿರಿದಾದವು. 2018ರ ಮೇ 29ರಂದು ಒಂದೇ ದಿನದ ಭಾರಿ ಮಳೆಗೆ ಕೊಟ್ಟಾರ ಚೌಕಿ ಸೇರಿದಂತೆ ನಗರದ ಅನೇಕ ತಗ್ಗು ಪ್ರದೇಶಗಳು ಜಲಾವೃತವಾದವು. ಮರು ವರ್ಷದ, ಅಂದರೆ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು, ಅದೇ ನಗರದಲ್ಲಿ ಕುಡಿಯುವ ನೀರನ್ನು ಸರದಿಯ ಮೇಲೆ ಪೂರೈಸಬೇಕಾಯಿತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮತ್ತು ಅದಕ್ಕೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ನೆರೆ ಮತ್ತು ನೀರಿನ ಕೊರತೆ ಒಂದು ವರ್ಷದ ಅಂತರದಲ್ಲಿ ಬಂದವು ಎಂಬುದನ್ನು ಸದಸ್ಯರು ಗಮನಿಸಬೇಕು.

ನಗರದ ಬೆಳವಣಿಗೆ ಈಗ ಸುತ್ತಲಿನ ಗ್ರಾಮಗಳಿಗೆ ಹಬ್ಬಿದೆ. ಬಜ್ಪೆ, ಕಿನ್ನಿಗೋಳಿ, ಕೋಟೆಕಾರು, ಸೋಮೇಶ್ವರ ಮುಂತಾದವು ಗ್ರಾಮ ಪಂಚಾಯತ್ ವ್ಯವಸ್ಥೆಯಿಂದ ನಗರ ಸ್ಥಳೀಯ ಸಂಸ್ಥೆಗಳಾಗಿ ಮಾರ್ಪಟ್ಟಿವೆ. ಉಳಿದ ಗ್ರಾಮಗಳಲ್ಲಿಯೂ ಗುಡ್ಡದ ಮಗ್ಗುಲನ್ನು ತಟ್ಟು ಮಾಡಿ ಐದು ಸೆಂಟ್ಸಿನ ನಿವೇಶನಗಳನ್ನು ಮಾಡುವ ಕೆಲಸ ನಡೆದಿದೆ. ಇದರೊಂದಿಗೆ ಅಪಾಯವೂ ಗ್ರಾಮಗಳಿಗೆ ಬಂದಿದೆ. 2020ರ ಜುಲೈ 5ರಂದು ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡ ಜರಿದು ಇಬ್ಬರು ಮಕ್ಕಳು ಮೃತಪಟ್ಟರು. 2025ರ ಮೇ 30ರಂದು ಉಳ್ಳಾಲ ತಾಲೂಕಿನ ಮಂಜನಾಡಿ ಗ್ರಾಮದ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಒಂದೇ ಕುಟುಂಬದ ಮೂವರು ಮೃತಪಟ್ಟರು. ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು. 2019ರ ಆಗಸ್ಟ್ ತಿಂಗಳಲ್ಲಿ ಪಚ್ಚನಾಡಿಯ ತ್ಯಾಜ್ಯದ ರಾಶಿಯು ಮಳೆಗೆ ಜರಿದು, ಕೆಳಗಿನ ಮಂದಾರ ಪ್ರದೇಶದ ತೋಟ ಮತ್ತು ಮನೆಗಳತ್ತ ಹರಿದು ಬಂದು, ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು.

ಈ ಮೂರೂ ಘಟನೆಗಳಲ್ಲಿ ಹಾನಿಗೊಳಗಾದವರ ಜಾಗಕ್ಕೆ ಅಪಾಯವು ಮೇಲಿನ ಜಾಗದಿಂದ ಬಂದಿತು. ಒಂದು ಜಾಗದ ಕ್ಷೇಮವನ್ನು ಅದರ ಚಕ್ಕುಬಂದಿಯೊಳಗೆ ಮಾತ್ರ ನೋಡಿ ತಿಳಿಯಲಾಗದು. ಮೇಲಿನ ಜಾಗ, ಕೆಳಗಿನ ಜಾಗ ಮತ್ತು ನಡುವಿನ ನೀರಿನ ದಾರಿ ಇವನ್ನು ಒಟ್ಟಿಗೆ ತೋರಿಸುವ ಸಾಧನವೇ ನಕ್ಷೆ.

2. ನಮ್ಮ ನೆಲದ ಸ್ವಭಾವ

ನಕ್ಷೆಯನ್ನು ಓದುವ ಮೊದಲು ನಕ್ಷೆಯ ಕೆಳಗಿರುವ ನೆಲವನ್ನು ಅರಿಯುವುದು ಅವಶ್ಯ. ಕರಾವಳಿಯ ಗುಡ್ಡಗಳ ಮೇಲ್ಭಾಗದಲ್ಲಿ ಗಟ್ಟಿಯಾದ ಮುರಕಲ್ಲಿನ ಪದರವಿರುತ್ತದೆ. ಇದರ ರಂಧ್ರಗಳ ಮೂಲಕ ಮಳೆನೀರು ಕೆಳಗಿಳಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬಂದು, ಬೈಲಿನ ಬಾವಿಗಳನ್ನು ಬೇಸಿಗೆಯವರೆಗೆ ಕಾಪಾಡುತ್ತದೆ. ಮುರಕಲ್ಲಿನ ಅಡಿಯಲ್ಲಿ ಅನೇಕ ಕಡೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಮೃದುವಾದ ಜೇಡಿಯುಕ್ತ ಮಣ್ಣು ಇರುತ್ತದೆ. ಜಿಲ್ಲೆಯಲ್ಲಿ ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದಾಗ ಈ ಮಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ನೀರು ಕುಡಿದಾಗ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಜನವರಿಯಲ್ಲಿ ಜೆಸಿಬಿ ಯಂತ್ರದಿಂದ ಗೋಡೆಯಂತೆ ನೇರವಾಗಿ ಕಡಿದ ಮಗ್ಗುಲು ಮೇ ತಿಂಗಳವರೆಗೆ ನಿಂತಿರುವುದನ್ನು ನೋಡಿ ಅದು ಭದ್ರವೆಂದು ತಿಳಿಯುವುದು ಅಪಾಯಕರ. ಅದರ ಪರೀಕ್ಷೆ ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ.

ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಮೇಲಿನ ಬೆಟ್ಟು ಗದ್ದೆಯಲ್ಲಿ ಮಳೆಯನ್ನೇ ನಂಬಿದ ಒಂದು ಬೆಳೆ, ನಡುವಿನ ಮಜಲಿನಲ್ಲಿ ಎರಡು ಬೆಳೆ, ಕೆಳಗಿನ ಬೈಲಿನಲ್ಲಿ ಮೂರು ಬೆಳೆ ತೆಗೆಯುತ್ತಿದ್ದರು. ಈ ವಿಂಗಡಣೆಯು ಎತ್ತರ ಮತ್ತು ನೀರಿನ ಲಭ್ಯತೆಯನ್ನು ಆಧರಿಸಿತ್ತು. ಮೇಲಿನ ಪದವಿನಲ್ಲಿ ಮದಕಗಳು, ಕೆಳಗಿನ ತೋಡುಗಳಲ್ಲಿ ಕಟ್ಟಗಳು ಇದ್ದವು. ಡಿಜಿಟಲ್ ನಕ್ಷೆಯು ಈ ತಿಳಿವಳಿಕೆಯನ್ನೇ ಸರ್ವೆ ನಂಬರಿನೊಂದಿಗೆ ಜೋಡಿಸಿ, ಸಭೆಯಲ್ಲಿ ಎಲ್ಲರ ಮುಂದೆ ಇಡಲು ನೆರವಾಗುತ್ತದೆ.

3. ಡಿಜಿಟಲ್ ನಕ್ಷೆ ಎಂದರೇನು

ಕಾಗದದ ನಕ್ಷೆಯಲ್ಲಿ ಎಲ್ಲ ವಿವರಗಳೂ ಒಂದೇ ಹಾಳೆಯಲ್ಲಿ ಇರುತ್ತವೆ. ಡಿಜಿಟಲ್ ನಕ್ಷೆಯಲ್ಲಿ ಪ್ರತಿಯೊಂದು ವಿವರವೂ ಒಂದೊಂದು ಪದರವಾಗಿರುತ್ತದೆ. ಪ್ರತಿ ಪದರದ ಪ್ರತಿ ಬಿಂದುವಿಗೂ ಅಕ್ಷಾಂಶ ಮತ್ತು ರೇಖಾಂಶ ಇರುವುದರಿಂದ ಪದರಗಳನ್ನು ಒಂದರ ಮೇಲೊಂದು ಸರಿಯಾಗಿ ಇಟ್ಟು ನೋಡಬಹುದು. ಗ್ರಾಮದ ಭೂಬಳಕೆ ಯೋಜನೆಗೆ ಕನಿಷ್ಠ ಆರು ಪದರಗಳು ಬೇಕಾಗುತ್ತವೆ.

ಅ) ಸರ್ವೆ ನಂಬರ್ ಮತ್ತು ಗ್ರಾಮದ ಗಡಿ.
ಆ) ಎತ್ತರ ಮತ್ತು ಇಳಿಜಾರು.
ಇ) ತೋಡು, ಹೊಳೆ, ಕೆರೆ, ಮದಕ, ಒರತೆ.
ಈ) ಈಗಿನ ಭೂಬಳಕೆ, ಅಂದರೆ ಗದ್ದೆ, ತೋಟ, ಕಾಡು, ಪದವು, ಮನೆಗಳು.
ಉ) ರಸ್ತೆ, ಮೋರಿ, ಶಾಲೆ, ಅಂಗನವಾಡಿ, ಬಾವಿ, ನೀರಿನ ಟ್ಯಾಂಕ್.
ಊ) ನಿರ್ಬಂಧವಿರುವ ಜಾಗಗಳು, ಅಂದರೆ ಅರಣ್ಯ, ಸರಕಾರಿ ಪರಂಬೋಕು, ಭರತದ ನೀರು ಏರುವ ನದೀತೀರಗಳಲ್ಲಿ ಕರಾವಳಿ ನಿಯಂತ್ರಣ ವಲಯ.

ಎತ್ತರದ ಪದರವನ್ನು ಓದಲು ಸಮೋನ್ನತ ರೇಖೆಗಳನ್ನು ತಿಳಿದಿರಬೇಕು. ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ರೇಖೆಯೇ ಸಮೋನ್ನತ ರೇಖೆ. ರೇಖೆಗಳು ದೂರ ದೂರ ಇದ್ದರೆ ನೆಲ ಸಮತಟ್ಟು, ಒತ್ತೊತ್ತಾಗಿ ಇದ್ದರೆ ಕಡಿದು. ಎರಡು ರೇಖೆಗಳ ನಡುವಿನ ಎತ್ತರದ ವ್ಯತ್ಯಾಸ 20 ಮೀಟರ್, ನೆಲದ ಮೇಲೆ ಅವುಗಳ ಅಂತರ 60 ಮೀಟರ್ ಇದ್ದರೆ, ಮೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಎಂದಾಯಿತು. ಇದು ಶೇಕಡಾ 33, ಅಂದರೆ ಸುಮಾರು 18 ಡಿಗ್ರಿ. ಇಂಥ ಮಗ್ಗುಲಿನಲ್ಲಿ ನಿವೇಶನ ಮಾಡಬೇಕಾದರೆ ಗುಡ್ಡವನ್ನು ಕಡಿಯಲೇಬೇಕು. ಕಡಿದ ಮಣ್ಣನ್ನು ಎಲ್ಲಿಯಾದರೂ ಹಾಕಲೇಬೇಕು. ಕಡಿಯುವುದು ಎಷ್ಟು, ಹಾಕುವುದು ಎಲ್ಲಿ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಇಷ್ಟು ಲೆಕ್ಕ ಸಾಕು.

4. ಲಭ್ಯವಿರುವ ಸಾಧನಗಳು

ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ರೂಪಿಸಿದ 'ದಿಶಾಂಕ್' ಆ್ಯಪ್‌ನಲ್ಲಿ, ನಿಂತಿರುವ ಸ್ಥಳದ ಸರ್ವೆ ನಂಬರನ್ನು ಮೊಬೈಲ್ ಫೋನಿನಲ್ಲಿಯೇ ಕಾಣಬಹುದು. ಅದೇ ಕೇಂದ್ರದ ಕರ್ನಾಟಕ ಜಿಐಎಸ್ ತಾಣದಲ್ಲಿ ಆಡಳಿತ ಗಡಿಗಳು, ಜಲಮೂಲಗಳು ಮುಂತಾದ ಪದರಗಳು ದೊರೆಯುತ್ತವೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ 'ಭುವನ್' ತಾಣವು 2009ರಿಂದ ಉಪಗ್ರಹ ಚಿತ್ರಗಳನ್ನು ಸಾರ್ವಜನಿಕರಿಗೆ ಒದಗಿಸುತ್ತಿದೆ. ಉದ್ಯೋಗ ಖಾತರಿ ಕಾಮಗಾರಿಗಳನ್ನು ನಕ್ಷೆಯ ಮೇಲೆ ಯೋಜಿಸಲು 2021ರಲ್ಲಿ 'ಯುಕ್ತಧಾರಾ' ತಾಣವನ್ನು ಇದೇ ವೇದಿಕೆಯಲ್ಲಿ ಆರಂಭಿಸಲಾಯಿತು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ 'ಗ್ರಾಮ ಮಾನಚಿತ್ರ'ವು ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಗಾಗಿಯೇ ಸಿದ್ಧಪಡಿಸಿದ ನಕ್ಷೆಯ ವ್ಯವಸ್ಥೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ತಯಾರಿಸಿದೆ. ಪದರಗಳನ್ನು ಜೋಡಿಸಿ ಮುದ್ರಿಸಲು 'ಕ್ಯೂಜಿಐಎಸ್' ಎಂಬ ಉಚಿತ ತಂತ್ರಾಂಶವನ್ನು ಪಂಚಾಯತ್ ಕಚೇರಿಯ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನು ನೋಡುವ ಸೌಲಭ್ಯವಿದ್ದು, ಒಂದು ಗುಡ್ಡ ಯಾವಾಗ ಕಡಿಯಲ್ಪಟ್ಟಿತು, ಒಂದು ಬೈಲು ಯಾವಾಗ ತುಂಬಲ್ಪಟ್ಟಿತು ಎಂಬುದನ್ನು ತಿಳಿಯಲು ಅದು ಉಪಯುಕ್ತ.

2020ರ ಏಪ್ರಿಲ್ 24ರಂದು ಆರಂಭವಾದ 'ಸ್ವಾಮಿತ್ವ' ಯೋಜನೆಯಲ್ಲಿ ಡ್ರೋನ್ ಮೂಲಕ ಗ್ರಾಮಗಳ ವಸತಿ ಪ್ರದೇಶದ ಅಳತೆ ನಡೆಯುತ್ತದೆ. ಈ ಅಳತೆಯ ಸೂಕ್ಷ್ಮತೆ ಉಪಗ್ರಹ ಚಿತ್ರಕ್ಕಿಂತ ಹೆಚ್ಚು. ಆದರೆ ಅದು ವಸತಿ ಪ್ರದೇಶಕ್ಕೆ ಸೀಮಿತವಾದುದು. ನಮ್ಮ ಜಿಲ್ಲೆಯಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ತೋಟ, ಗದ್ದೆಗಳ ನಡುವೆ ಚದುರಿರುವುದರಿಂದ, ಗುಡ್ಡ ಮತ್ತು ತೋಡುಗಳ ವಿವರಕ್ಕೆ ಇತರ ಪದರಗಳನ್ನೂ ಆಶ್ರಯಿಸಬೇಕಾಗುತ್ತದೆ.

5. ನಕ್ಷೆಯ ಮಿತಿಗಳು

ನಕ್ಷೆಯ ಮಿತಿಯನ್ನು ಅರಿಯದೆ ಅದನ್ನು ಬಳಸಿದರೆ ತಪ್ಪು ಧೈರ್ಯ ಉಂಟಾಗುತ್ತದೆ. ಆದ್ದರಿಂದ ಈ ಭಾಗವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು ಪ್ರಮಾಣದ ಮಿತಿ. 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಐದು ಸೆಂಟ್ಸ್ ನಿವೇಶನದ ಒಂದು ಬದಿ ಸುಮಾರು 14 ಮೀಟರ್. ನಕ್ಷೆಯಲ್ಲಿ ಅದು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಂಥ ನಕ್ಷೆಯಲ್ಲಿ ಒಂದು ಪ್ರದೇಶ 'ಕಡಿಮೆ ಅಪಾಯ' ಎಂದು ಬಣ್ಣ ಹಚ್ಚಿದ್ದರೆ, ಆ ಪ್ರದೇಶದ ಪ್ರತಿಯೊಂದು ಮನೆಯೂ ಸುರಕ್ಷಿತವೆಂದು ಅರ್ಥವಲ್ಲ. ಎತ್ತರದ ಪದರಗಳಲ್ಲಿಯೂ ಇದೇ ಸಂಗತಿ. ಉಚಿತವಾಗಿ ದೊರೆಯುವ ಎತ್ತರದ ಮಾಹಿತಿಯಲ್ಲಿ ಸಾಮಾನ್ಯವಾಗಿ 30 ಮೀಟರ್ ಚದರಕ್ಕೆ ಒಂದು ಸಂಖ್ಯೆ ಇರುತ್ತದೆ. ಅಂದರೆ 900 ಚದರ ಮೀಟರಿಗೆ, ನಮ್ಮ ಲೆಕ್ಕದಲ್ಲಿ ಸುಮಾರು 22 ಸೆಂಟ್ಸಿಗೆ ಒಂದೇ ಎತ್ತರ. ಐದು ಸೆಂಟ್ಸಿನ ನಾಲ್ಕು ನಿವೇಶನಗಳು ಒಂದೇ ಚೌಕದೊಳಗೆ ಅಡಗುತ್ತವೆ. ಮನೆಯ ಹಿಂದೆ ಎಂಟು ಮೀಟರ್ ಎತ್ತರಕ್ಕೆ ಗುಡ್ಡವನ್ನು ನೇರವಾಗಿ ಕಡಿದಿದ್ದರೂ ಈ ಮಾಹಿತಿಯಲ್ಲಿ ಅದು ಕಾಣದೆ ಹೋಗಬಹುದು.

ಎರಡನೆಯದು ಕಾಲದ ಮಿತಿ. ಮಳೆಗಾಲದಲ್ಲಿ ಮೋಡ ಕವಿದಿರುವುದರಿಂದ ನಮ್ಮ ಪ್ರದೇಶದ ಸ್ಪಷ್ಟ ಉಪಗ್ರಹ ಚಿತ್ರಗಳು ಹೆಚ್ಚಾಗಿ ಬೇಸಿಗೆಯವು. ಬೇಸಿಗೆಯ ಚಿತ್ರದಲ್ಲಿ ಬತ್ತಿದ ತೋಡು ಕಾಲುದಾರಿಯಂತೆ ಕಾಣುತ್ತದೆ. ಅಡಿಕೆ, ತೆಂಗಿನ ತೋಟದ ನೆರಳಿನಲ್ಲಿರುವ ತೋಡು ಕಾಣುವುದೇ ಇಲ್ಲ.

ಮೂರನೆಯದು ಕಾನೂನಿನ ಮಿತಿ. ಮೊಬೈಲ್ ಫೋನ್ ತೋರಿಸುವ ಸ್ಥಳ ಕೆಲವು ಮೀಟರ್ ಆಚೀಚೆ ಇರಬಹುದು. ಹಳೆಯ ಸರ್ವೆ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗಲೂ ವ್ಯತ್ಯಾಸ ಬರುತ್ತದೆ. ಗಡಿ ವಿವಾದಕ್ಕೆ ಸರ್ವೆ ಇಲಾಖೆಯ ಅಳತೆಯೇ ಆಧಾರ. ಆ್ಯಪ್‌ನ ಗೆರೆಯನ್ನು ತೋರಿಸಿ ನೆರೆಹೊರೆಯವರ ನಡುವೆ ತೀರ್ಪು ಕೊಡಲು ಯಾರೂ ಮುಂದಾಗಬಾರದು.

ಈ ಮೂರು ಮಿತಿಗಳಿಗೂ ಪರಿಹಾರ ಸ್ಥಳ ಪರಿಶೀಲನೆ. ನಕ್ಷೆಯನ್ನು ಮುದ್ರಿಸಿ, ಆಟಿ ತಿಂಗಳ ಮಳೆಯಲ್ಲಿ ವಾರ್ಡಿನ ಹಿರಿಯರೊಂದಿಗೆ ನಡೆದು, ನೀರು ಹರಿಯುವ ದಾರಿಯನ್ನು ಪೆನ್ಸಿಲಿನಿಂದ ಗುರುತಿಸಬೇಕು. ಯಾವ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ ಎಂಬುದನ್ನು ನೀರು ಸೇದುವ ಮಹಿಳೆಯರಿಂದ ಕೇಳಿ ಬರೆದುಕೊಳ್ಳಬೇಕು. ಆ ಮಾಹಿತಿಯು ಯಾವ ಉಪಗ್ರಹದಲ್ಲಿಯೂ ಇರುವುದಿಲ್ಲ.

6. ಒಂದು ಮಾದರಿ ಲೆಕ್ಕ

ಉದಾಹರಣೆಗಾಗಿ, ಒಂದು ಗ್ರಾಮದಲ್ಲಿ ಎರಡು ಎಕರೆ ಗುಡ್ಡದ ಮಗ್ಗುಲನ್ನು ತಟ್ಟು ಮಾಡಿ ಸುಮಾರು 25 ನಿವೇಶನಗಳನ್ನು ಮಾಡುವ ಪ್ರಸ್ತಾವ ಬಂದಿದೆ ಎಂದು ಭಾವಿಸೋಣ. ಅದರ ಕೆಳಗೆ ಮೂರು ಮನೆಗಳು, ಒಂದು ಅಂಗನವಾಡಿ, ಒಂದು ಕಿರು ತೋಡು, ಅದರ ಕೆಳಗೆ ಬೈಲಿನಲ್ಲಿ ಪಂಚಾಯತ್ ಬಾವಿ ಇವೆ. ಕಡತದಲ್ಲಿ ಎರಡು ಎಕರೆಯ ವಿವರ ಮಾತ್ರ ಇದೆ.

ಮೊದಲು ಸರ್ವೆ ನಂಬರಿನ ಪದರದ ಮೇಲೆ ಇಳಿಜಾರಿನ ಪದರವನ್ನು ಇಡಬೇಕು. ಜಾಗದ ಮೇಲ್ಭಾಗವು ಕಡಿದು, ಕೆಳಭಾಗವು ಸೌಮ್ಯ ಎಂದು ತಿಳಿಯುತ್ತದೆ. ಮುಂದೆ ನೀರಿನ ಪದರವನ್ನು ಇಟ್ಟಾಗ ಕಿರು ತೋಡು ಇದೇ ಮಗ್ಗುಲಿನಲ್ಲಿ ಹುಟ್ಟುವುದು ಕಾಣುತ್ತದೆ. ಅನಂತರ ಮನೆ, ಅಂಗನವಾಡಿ, ಬಾವಿಗಳ ಪದರವನ್ನು ಇಟ್ಟಾಗ ಯಾರು ಕೆಳಗಿದ್ದಾರೆ ಎಂಬುದು ಗೊತ್ತಾಗುತ್ತದೆ.

ಇನ್ನು ನೀರಿನ ಲೆಕ್ಕ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್ ನೀರಾಗುತ್ತದೆ. ಎರಡು ಎಕರೆಗೆ 8 ಲಕ್ಷ ಲೀಟರ್, ಅಂದರೆ 10,000 ಲೀಟರಿನ 80 ಟ್ಯಾಂಕರ್. ಮಂಗಳೂರಿನ ಮಳೆಗಾಲದಲ್ಲಿ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಅಪರೂಪವಲ್ಲ. ಗಿಡಮರಗಳಿರುವ ಗುಡ್ಡವು ಇದರಲ್ಲಿ ಒಂದು ಪಾಲನ್ನು ಇಂಗಿಸಿಕೊಂಡು ನಿಧಾನವಾಗಿ ಬಾವಿಗೆ ಬಿಡುತ್ತದೆ. ಕಾಂಕ್ರೀಟ್, ಇಂಟರ್‌ಲಾಕ್ ಮತ್ತು ತಾರಸಿಗಳಿಂದ ಮುಚ್ಚಿದ ಮೇಲೆ ಬಹುಪಾಲು ನೀರು ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ಆ ಕಿರು ತೋಡು ಮತ್ತು ಅದರ ಮೋರಿ ಅಷ್ಟು ನೀರನ್ನು ತಡೆದುಕೊಳ್ಳುವುದೇ ಎಂಬುದನ್ನು ಎಂಜಿನಿಯರರು ಲೆಕ್ಕ ಹಾಕಿ ಹೇಳಬೇಕು. ಆ ಲೆಕ್ಕವನ್ನು ಕೇಳುವುದು ಸದಸ್ಯರ ಕೆಲಸ.

ಇಂಗುಗುಂಡಿಯ ವಿಷಯದಲ್ಲಿಯೂ ನಕ್ಷೆ ಬೇಕು. ಮಳೆನೀರು ಇಂಗಿಸುವುದು ಒಳ್ಳೆಯ ಕೆಲಸವೆಂದು ಎಲ್ಲೆಡೆ ಗುಂಡಿ ತೋಡಲಾಗದು. ನೇರವಾಗಿ ಕಡಿದ ಗುಡ್ಡದ ಅಂಚಿನಲ್ಲಿ ಇಂಗುಗುಂಡಿ ಮಾಡಿದರೆ ನೀರು ಶೇಡಿ ಮಣ್ಣಿಗೆ ಇಳಿದು, ಮಗ್ಗುಲು ಜರಿಯಲು ಕಾರಣವಾಗುತ್ತದೆ. ಇಳಿಜಾರಿನ ನಕ್ಷೆಯಲ್ಲಿ ಸೌಮ್ಯವಾಗಿರುವ ಕಡೆ ಇಂಗಿಸಬೇಕು, ಕಡಿದಾದ ಕಡೆ ನೀರನ್ನು ಚರಂಡಿಯ ಮೂಲಕ ಸುರಕ್ಷಿತವಾಗಿ ಇಳಿಸಬೇಕು.

ಇಷ್ಟನ್ನು ನೋಡಿದ ಸಭೆಯು ಪ್ರಸ್ತಾವವನ್ನು ತಿರಸ್ಕರಿಸಲೇಬೇಕೆಂದಿಲ್ಲ. ನಿವೇಶನಗಳನ್ನು ಸೌಮ್ಯವಾದ ಕೆಳಭಾಗಕ್ಕೆ ಸೀಮಿತಗೊಳಿಸಿ ಮೇಲಿನ ಕಡಿದಾದ ಭಾಗವನ್ನು ಮರಗಳೊಂದಿಗೆ ಉಳಿಸುವುದು, ಕಡಿಯುವ ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ತಡೆಗೋಡೆಯಲ್ಲಿ ನೀರು ಹೊರಹೋಗುವ ರಂಧ್ರಗಳನ್ನು ಇಡುವುದು, ತೋಡಿನ ಅಗಲವನ್ನು ಕಾಯ್ದುಕೊಳ್ಳುವುದು, ಅಗೆದ ಮಣ್ಣನ್ನು ಬೈಲಿಗೆ ಹಾಕದಿರುವುದು ಮುಂತಾದ ಮಾರ್ಪಾಡುಗಳನ್ನು ಸೂಚಿಸಬಹುದು. ಮನೆ ಬೇಕಾದವರಿಗೆ ಮನೆ ದೊರೆಯುತ್ತದೆ. ಕೆಳಗಿನ ಮೂರು ಮನೆ ಮತ್ತು ಅಂಗನವಾಡಿಯ ಮಕ್ಕಳಿಗೆ ರಕ್ಷಣೆಯೂ ದೊರೆಯುತ್ತದೆ.

7. ಪಂಚಾಯತ್‌ನ ಅಧಿಕಾರ ಮತ್ತು ನಿರ್ಣಯ

ಭೂಪರಿವರ್ತನೆಯು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಅಡಿಯಲ್ಲಿ ಕಂದಾಯ ಇಲಾಖೆಗೆ ಸೇರಿದ ವಿಷಯ. ಸ್ಥಳೀಯ ಯೋಜನಾ ಪ್ರದೇಶದೊಳಗೆ ಬಡಾವಣೆಯ ವಿನ್ಯಾಸ ಅನುಮೋದನೆಯು ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದೆ. ಹೀಗಿದ್ದರೂ ಪಂಚಾಯತ್ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣವು ಕಟ್ಟಡ ನಿರ್ಮಾಣದ ನಿಯಂತ್ರಣವನ್ನು ಗ್ರಾಮ ಪಂಚಾಯತ್‌ಗೆ ನೀಡಿದೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಮಣ್ಣಿನ ಸಂರಕ್ಷಣೆ, ಸಣ್ಣ ನೀರಾವರಿ ಮತ್ತು ಜಲಾನಯನ ಅಭಿವೃದ್ಧಿ ಪಂಚಾಯತ್‌ಗಳಿಗೆ ವಹಿಸಬಹುದಾದ ವಿಷಯಗಳಾಗಿವೆ. ರಸ್ತೆ, ಮೋರಿ, ಚರಂಡಿಯ ಕಾಮಗಾರಿಗಳ ಆಯ್ಕೆ ಪಂಚಾಯತ್‌ನ ಕ್ರಿಯಾಯೋಜನೆಯಲ್ಲಿಯೇ ಆಗುತ್ತದೆ. ಗುಡ್ಡದ ಮೇಲೆ ಒಂದು ರಸ್ತೆಯನ್ನು ಮಂಜೂರು ಮಾಡಿದರೆ ಅದರ ಎರಡೂ ಬದಿಗಳಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಮನೆಗಳು ಬರುತ್ತವೆ ಎಂಬುದನ್ನು ನೆನಪಿನಲ್ಲಿಡಬೇಕು. ಘನತ್ಯಾಜ್ಯ ಘಟಕಕ್ಕೆ ಜಾಗ ಆರಿಸುವಾಗ ಮಂದಾರದ ಅನುಭವವನ್ನು ಮುಂದಿಟ್ಟು, ಆ ಜಾಗದ ನೀರು ಯಾವ ತೋಡಿಗೆ, ಯಾವ ಬಾವಿಯ ಕಡೆಗೆ ಇಳಿಯುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿದ ಮೇಲೆಯೇ ನಿರ್ಣಯ ಕೈಗೊಳ್ಳುವುದು ಉಚಿತ.

ತೋಡು ಒಂದು ಗ್ರಾಮದಲ್ಲಿ ಹುಟ್ಟಿ ಇನ್ನೊಂದು ಗ್ರಾಮದಲ್ಲಿ ಹೊಳೆ ಸೇರುವುದು ಸಾಮಾನ್ಯ. ಆದ್ದರಿಂದ ನೆರೆಯ ಪಂಚಾಯತ್‌ನೊಂದಿಗೆ ನಕ್ಷೆಯನ್ನು ಹಂಚಿಕೊಂಡು, ಒಂದೇ ಜಲಾನಯನದ ಕಾಮಗಾರಿಗಳನ್ನು ಒಟ್ಟಾಗಿ ಯೋಜಿಸುವುದು ಮೇಲು. ಮುದ್ರಿತ ನಕ್ಷೆಯನ್ನು ಗ್ರಾಮಸಭೆಯ ದಿನ ಗೋಡೆಗೆ ಹಚ್ಚಿ, ಗ್ರಾಮಸ್ಥರ ತಿದ್ದುಪಡಿಗಳನ್ನು ದಾಖಲಿಸಬೇಕು. ನಿರ್ಣಯ ಪುಸ್ತಕದಲ್ಲಿ 'ನಕ್ಷೆ ಮತ್ತು ಸ್ಥಳ ಪರಿಶೀಲಿಸಲಾಗಿದೆ' ಎಂದು ಬರೆಯುವಾಗ, ನೋಡಿದ ಪದರಗಳು, ಪರಿಶೀಲನೆಯ ದಿನಾಂಕ ಮತ್ತು ಹಾಜರಿದ್ದ ಸದಸ್ಯರ ಹೆಸರನ್ನೂ ಬರೆಯಬೇಕು. ಹೀಗೆ ಮಾಡಿದರೆ ಮುಂದೆ ಬರುವ ಸದಸ್ಯರಿಗೂ ಆಧಾರ ಉಳಿಯುತ್ತದೆ.

8. ಗುಂಪು ಅಭ್ಯಾಸ ಮತ್ತು ಚರ್ಚೆಗೆ ಪ್ರಶ್ನೆಗಳು

ಸದಸ್ಯರು ವಾರ್ಡುವಾರು ಗುಂಪುಗಳಾಗಿ, ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರ ನೆರವಿನಿಂದ ತಮ್ಮ ವಾರ್ಡಿನ ಉಪಗ್ರಹ ಚಿತ್ರವನ್ನು ಮುದ್ರಿಸಿಕೊಂಡು ಕೆಳಗಿನ ಪ್ರಶ್ನೆಗಳಿಗೆ ಉತ್ತರವನ್ನು ನಕ್ಷೆಯ ಮೇಲೆಯೇ ಗುರುತಿಸಬೇಕು.

1) ವಾರ್ಡಿನ ಅತಿ ಎತ್ತರದ ಜಾಗ ಯಾವುದು? ಅಲ್ಲಿ ಬಿದ್ದ ಮಳೆ ಯಾವ ದಾರಿಯಲ್ಲಿ ಹರಿದು ಯಾವ ಹೊಳೆಯನ್ನು ಸೇರುತ್ತದೆ?
2) ಆ ದಾರಿಯಲ್ಲಿ ಎಷ್ಟು ಮೋರಿಗಳಿವೆ? ಕಳೆದ ಮಳೆಗಾಲದಲ್ಲಿ ಯಾವ ಮೋರಿಯ ಮೇಲೆ ನೀರು ಹರಿಯಿತು?
3) ಗುಡ್ಡವನ್ನು ನೇರವಾಗಿ ಕಡಿದಿರುವ ಸ್ಥಳಗಳು ಯಾವುವು? ಪ್ರತಿಯೊಂದರ ಕೆಳಗೆ ಎಷ್ಟು ಮನೆಗಳಿವೆ, ಅವುಗಳಲ್ಲಿ ಮಕ್ಕಳು, ವೃದ್ಧರು ಎಷ್ಟು ಮಂದಿ ಇದ್ದಾರೆ?
4) ಪದವು, ಬೈಲು, ಕೆರೆ, ಮದಕ, ಕಟ್ಟ ಎಂಬ ಪದಗಳಿರುವ ಸ್ಥಳನಾಮಗಳು ಯಾವುವು? ಅಲ್ಲಿ ಈಗ ಏನಿದೆ?
5) ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿರುವ ಪ್ರತಿಯೊಂದು ರಸ್ತೆ ಮತ್ತು ಕಟ್ಟಡ ಕಾಮಗಾರಿಯನ್ನು ನಕ್ಷೆಯಲ್ಲಿ ಗುರುತಿಸಿ. ಯಾವುದರ ಸ್ಥಳವನ್ನು ಬದಲಿಸಬೇಕು?

ಮೂರನೆಯ ಪ್ರಶ್ನೆಯ ಉತ್ತರವನ್ನು ಪಟ್ಟಿಯಾಗಿ ಬರೆದು ಮೇ ತಿಂಗಳ ಮೊದಲ ವಾರದೊಳಗೆ ಪಂಚಾಯತ್ ಕಚೇರಿಗೆ ನೀಡಿದರೆ, ಮಳೆ ಆರಂಭವಾಗುವ ಮುನ್ನ ಆ ಮನೆಗಳವರನ್ನು ಎಚ್ಚರಿಸಲು ಮತ್ತು ತಾತ್ಕಾಲಿಕ ಆಶ್ರಯಕ್ಕಾಗಿ ಶಾಲೆ ಅಥವಾ ಸಮುದಾಯ ಭವನವನ್ನು ಗೊತ್ತುಮಾಡಲು ಸಾಕಷ್ಟು ಸಮಯ ದೊರೆಯುತ್ತದೆ.